ಭಂಕೂರಿನ ನಾನೂರ ಹನ್ನೆರಡು ಮನೆಗಳು

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಭಂಕೂರಿನ ನಾನೂರ ಹನ್ನೆರಡು ಮನೆಗಳು ಮಾಯವಾದವು.

ಊರು ಊರಿನ ಜಾಗದಲ್ಲೇ ಇತ್ತು. ಮಾಯವಾದದ್ದು ನಮ್ಮ ಸರ್ವರಿನಿಂದ. ಮನೆ ಯಜಮಾನನ ಹೆಸರು, ಹೆಂಡತಿ ಮಕ್ಕಳ ಹೆಸರು, ವಯಸ್ಸು, ಕಾರ್ಡಿನ ನಂಬರು — ಎರಡೂವರೆ ದಿನ ಕೂತು ಟೈಪು ಮಾಡಿದ ಕೆಲಸ. ಜೈತುನ್‌ಬೀಯ ಪರದೆ ಒಮ್ಮೆ ಮಿಟುಕಿತು, ಕಪ್ಪಾಯಿತು. ಮತ್ತೆ ತೆರೆದಾಗ ಭಂಕೂರಿನಲ್ಲಿ ಒಂದೂ ಮನೆ ಇರಲಿಲ್ಲ.

ಇದು ಎರಡನೇ ಸಲ. ಹಿಂದಿನ ವಾರ ಕಾಳಗಿಯ ಇನ್ನೂರ ಎಂಬತ್ತಾರು ಮನೆಗಳು ಹೀಗೇ ಹೋಗಿದ್ದವು. ಆಗಲೂ ಕುರ್ಚಿಯಲ್ಲಿ ಕೂತಿದ್ದವಳು ಜೈತುನ್‌ಬೀಯೇ.

ಇಸವಿ 2009, ಜನವರಿ. ಶಹಾಬಾದಿನ ಸ್ಟೇಶನ್ ರಸ್ತೆಯಲ್ಲಿ ಅಂಬಾರಾಯ ಸಾವ್ಕಾರರದು ನೆಲಕ್ಕೆ ಹಾಸುವ ಪರಸಿ ಕಲ್ಲಿನ ಅಂಗಡಿ. ಅದರ ಮೇಲಿನ ಮಾಳಿಗೆಯಲ್ಲಿ ಅವರದೇ ಗಣಕ ಕೇಂದ್ರ. ಕಲಬುರ್ಗಿಯ ಒಂದು ಸಂಸ್ಥೆಯಿಂದ ಮೂರು ತಾಲ್ಲೂಕಿನ ಕುಟುಂಬ ಪಟ್ಟಿಗಳ ಕೆಲಸ ಹಿಡಿದಿದ್ದೆವು. ತಿಂಗಳ ಕೊನೆಗೆ ಮುಗಿಸಿ ಕೊಡಬೇಕು. ಚಿತ್ತಾಪುರದ ಪಟ್ಟಿ ವಾಡಿಯಿಂದ ಬರುವ ಜೈತುನ್‌ಬೀಗೆ, ಸೇಡಮ್ಮಿನದು ಸೇಡಮ್ಮಿನಿಂದಲೇ ಬರುವ ವಿಠ್ಠಲನಿಗೆ, ಚಿಂಚೋಳಿಯದು ಆ ಕಡೆಯ ಬಸವೇಶ್ವರಿಗೆ. ಸರ್ವರಿನ ಜವಾಬ್ದಾರಿ ನನ್ನದು. ನನ್ನ ಹೆಸರು ಶರಣಕುಮಾರ.

ಸರ್ವರ್ ಒಂದೇ. ಒಂದು ತಾಲ್ಲೂಕಿನ ಕೆಲಸ ಇನ್ನೊಂದರ ಮೈಮೇಲೆ ಬೀಳಬಾರದೆಂದು ಅದರೊಳಗೆ ಮೂರು ಕಂಟೇನರ್ ಮಾಡಿದ್ದೆ. ನಾವೆಲ್ಲ ಅದಕ್ಕೆ ಖೋಲಿ, ಅಂದರೆ ಕೋಣೆ, ಅನ್ನುತ್ತಿದ್ದೆವು. ಪ್ರತಿ ಖೋಲಿಗೂ ಮೆಮರಿಯ ಮಿತಿ ಐನೂರ ಹನ್ನೆರಡು ಎಂಬಿ. ಮಿತಿ ದಾಟಿದರೆ ಸರ್ವರ್ ಆ ಖೋಲಿಯೊಳಗಿನ ದೊಡ್ಡ ಕೆಲಸವನ್ನು ತಾನಾಗಿಯೇ ಕೊಲ್ಲುತ್ತದೆ. ನಮ್ಮ ಪ್ರೋಗ್ರಾಮೋ, ಒಂದು ಹಳ್ಳಿ ಪೂರ್ತಿ ಮುಗಿಯುವ ತನಕ ಅದನ್ನು ಮೆಮರಿಯಲ್ಲೇ ಹಿಡಿದುಕೊಂಡಿರುತ್ತಿತ್ತು. ಸಂಜೆ ಬಂದ್ ಮಾಡುವಾಗ ಒಂದು ಕಚ್ಚಾ ಕಡತಕ್ಕೆ ಇಳಿಸಿ, ಮರುದಿನ ಎತ್ತಿಕೊಂಡು ಆ ಕಡತ ಅಳಿಸಿಬಿಡುತ್ತಿತ್ತು. ನಡುವೆ ಸತ್ತರೆ ಹಳ್ಳಿಯೇ ಹೋಯಿತು.

ಹೊಸ ವರ್ಷಕ್ಕೆ ನಾನು ಇನ್ನೊಂದು ಏರ್ಪಾಡು ಮಾಡಿದ್ದೆ. ಮೂರೂ ತಾಲ್ಲೂಕಿನ ಹಳ್ಳಿ, ಓಣಿ, ಅಡ್ಡಹೆಸರು, ಹಳೇ ಕಾರ್ಡಿನ ನಂಬರುಗಳ ದೊಡ್ಡ ಯಾದಿ, ಸುಮಾರು ಮುನ್ನೂರು ಎಂಬಿ. ಅದನ್ನು ಖೋಲಿಗೊಂದರಂತೆ ಮೂರು ಸಲ ಇಡುವ ಬದಲು ಹಂಚಿಕೆಯ ಮೆಮರಿಯಲ್ಲಿ ಒಂದೇ ಸಲ ಇಟ್ಟೆ. ಮೂರು ಖೋಲಿಗೂ ಬಾಗಿಲು ತೆರೆದ ಒಂದು ಪಡಸಾಲೆ ಇದ್ದ ಹಾಗೆ. ಅರ್ಧ ಅಕ್ಷರ ಒತ್ತಿದರೆ ಪೂರ್ತಿ ಹೆಸರು ಬರುತ್ತಿತ್ತು. ಸಾವ್ಕಾರರು ನೋಡಿ ಭಾಳ ಖುಷಿಪಟ್ಟರು. ಇದರಲ್ಲಿ ತಪ್ಪು ಬರಲಿಕ್ಕೆ ಜಾಗವೇ ಇಲ್ಲ ಎಂದು ಅವರಿಗೆ ನಾನೇ ಹೇಳಿದ್ದೆ.

ಆ ಗುರುವಾರ ಸರ್ವರಿನ ದಾಖಲೆ ತೆಗೆದು ಸಾವ್ಕಾರರಿಗೆ ತೋರಿಸಿದೆ. ಸೇಡಂ ಖೋಲಿ — ಇನ್ನೂರ ಐದು. ಚಿಂಚೋಳಿ — ನೂರ ತೊಂಬತ್ತು. ಚಿತ್ತಾಪುರ — ಐನೂರ ಹನ್ನೆರಡಕ್ಕೆ ಐನೂರ ಹನ್ನೆರಡು.

"ಎಲ್ಲಾರದೂ ಅದೇ ಕೆಲಸ. ಈಕೀದು ಮಾತ್ರ ದುಪ್ಪಟ್ಟ ಯಾಕ?" ಅಂದರು ಸಾವ್ಕಾರರು.

ಜೈತುನ್‌ಬೀ ಮೊದಲು ವಾಡಿಯ ಒಂದು ಪ್ರೆಸ್ಸಿನಲ್ಲಿ ಉರ್ದು ಲಗ್ನಪತ್ರಿಕೆ ಟೈಪು ಮಾಡುತ್ತಿದ್ದಳು. ಅದನ್ನು ಸಾವ್ಕಾರರಿಗೆ ನೆನಪು ಮಾಡಿಕೊಟ್ಟವನು ನಾನು. ಖೋಲಿಯೊಳಗೆ ಖಾಸಗಿ ಕೆಲಸ ನಡೆಸುತ್ತಿರಬಹುದು, ಪೆನ್‌ಡ್ರೈವ್ ಇರಬಹುದು ಅಂದೆ. ಇರಬಹುದು ಅಂದೆ, ಅಷ್ಟೇ. ಅವರಿಗೆ ಅಷ್ಟು ಸಾಕಾಯಿತು.

ಅವಳ ಚೀಲ ಬಿಚ್ಚಿದವನೂ ನಾನೇ. ವಿಠ್ಠಲ, ಬಸವೇಶ್ವರಿ, ಸಾವ್ಕಾರರು, ಎಲ್ಲರೂ ನಿಂತಿದ್ದರು. ಎರಡು ಜೋಳದ ರೊಟ್ಟಿ, ಒಂದು ಡಬ್ಬಿಯಲ್ಲಿ ಶೇಂಗಾ ಹಿಂಡಿ, ರೈಲಿನ ಪಾಸು, ಮೊಣಕಾಲಿಗೆ ಹಚ್ಚುವ ಮುಲಾಮು, ಮಡಚಿದ ಒಂದು ಒಳಬಟ್ಟೆ. ಅದನ್ನು ನಾನು ಮೇಜಿನ ಮೇಲೆ ಇಟ್ಟೆ. ಯಾಕೆ ಇಟ್ಟೆನೋ ಗೊತ್ತಿಲ್ಲ. ಬಸವೇಶ್ವರಿ ಬಂದು ಅದರ ಮೇಲೆ ತನ್ನ ಕರವಸ್ತ್ರ ಮುಚ್ಚಿದಳು.

ಪೆನ್‌ಡ್ರೈವ್ ಇರಲಿಲ್ಲ. ಮನೆಯಲ್ಲಿಟ್ಟಿರಬೇಕು ಅಂದರು ಸಾವ್ಕಾರರು. ನಾಳೆಯಿಂದ ಬರಬೇಡ ಎಂದರು. ನಾನು ಒಂದು ವರದಿ ಬರೆದು ಸಹಿ ಹಾಕಿದೆ. ಜೈತುನ್‌ಬೀ ತನ್ನ ಸಾಮಾನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡು ಇಳಿದು ಹೋದಳು.

ಅವಳು ಹೋದ ಮೇಲೆ ಅವಳ ಪಟ್ಟಿಯನ್ನು ಉಳಿದಿಬ್ಬರು ಟೈಪು ಮಾಡಿದರು, ಚಿತ್ತಾಪುರದ ಒಂದು ಮನೆಯೂ ಹೋಗಲಿಲ್ಲ. ಹತ್ತು ದಿನ ಅವಳ ಖೋಲಿಯಲ್ಲಿ ಎಲ್ಲ ಸುಸೂತ್ರ. ಕಳ್ಳತನ ನಿಂತಿತು, ಅಂದರೆ ಕಳ್ಳಿ ಅವಳೇ ಎಂದು ಎಲ್ಲರೂ ಅಂದರು. ವಾಡಿ ಸ್ಟೇಶನ್ನಿನ ತನಕ ಆ ಮಾತು ಹೋಯಿತು.

ನಡುವೆ ನಾನು ಇನ್ನೊಂದು ಕೆಲಸ ಮಾಡಿದ್ದೆ. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಹನ್ನೊಂದನೇ ದಿನ ಪದ್ಮಾಬಾಯಿ ಬಂದರು.

ಕೆಲಸ ಕೊಟ್ಟ ಸಂಸ್ಥೆಯಲ್ಲಿ ತಪಾಸಣೆಯ ಅಧಿಕಾರಿ. ಐವತ್ತರ ಆಚೀಚಿನ ವಯಸ್ಸು, ದಪ್ಪ ಕನ್ನಡಕ, ಕೈಯಲ್ಲಿ ಒಂದು ಹಾಳೆ. ಜೈತುನ್‌ಬೀ ಅವರ ಕಚೇರಿಗೆ ಬರೆದ ಅರ್ಜಿ. ಅದರಲ್ಲಿ ಮೂರೇ ಸಾಲು. ಕೊನೆಯ ಸಾಲು ಹೀಗಿತ್ತು: 'ನನ್ನ ಚೀಲ ತೆಗೆದು ನೋಡಿದ್ದಾರೆ, ಸರ್ವರನ್ನೂ ಯಾರಾದರೂ ತೆಗೆದು ನೋಡಬೇಕು.'

"ಅರ್ಜಿ ಖರೇ ಅದನೋ ಸುಳ್ಳದನೋ ಶನಿವಾರ ಬರದು ಕೊಡಬೇಕು. ಸುಳ್ಳಾದ್ರ ಈ ಹೆಣ್ಣಮಗಳಿಗೆ ಜಿಲ್ಲಾದಾಗ ಎಲ್ಲೂ ಕೆಲಸ ಸಿಗಂಗಿಲ್ಲ. ನೀವು ನನ್ನ ಸಂಗಡ ಇರ್ರಿ, ಶರಣಕುಮಾರ. ಸರ್ವರ್ ನಿಮ್ಮ ಕೈಯಾಗಿಂದು" ಅಂದರು.

ಹೀಗೆ ನಾನು ಅವರ ಜೊತೆಗಾರನಾದೆ.

ಮೊದಲು ಬಸವೇಶ್ವರಿಯನ್ನು ಕರೆದರು. ಅವಳ ಹಳ್ಳಿಗಳು ಎಂದಾದರೂ ಹೋಗಿದ್ದವೇ? ಇಲ್ಲ. ಕೊಡ್ಲಿಯಂಥ ದೊಡ್ಡ ಊರು ನಾಲ್ಕು ದಿನ ಮೆಮರಿಯಲ್ಲಿದ್ದರೂ ಏನೂ ಆಗಿರಲಿಲ್ಲ. ಕೆಲಸಕ್ಕೆ ಎಷ್ಟು ಹೊತ್ತಿಗೆ ಬರುತ್ತಾಳೆ? ಚಿಂಚೋಳಿ ಬಸ್ಸು ಬಂದಾಗ, ಹತ್ತೂವರೆ, ಒಮ್ಮೊಮ್ಮೆ ಹನ್ನೊಂದು. ಪದ್ಮಾಬಾಯಿ ಅದನ್ನೇ ಬರೆದುಕೊಂಡರು. ಬಸ್ಸಿನ ಹೊತ್ತು ಯಾಕೆ ಬೇಕು ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ನಿಂತೆ.

ಆಮೇಲೆ ವಿಠ್ಠಲ.

"ನಿಮ್ಮ ಖೋಲಿ?"

"ಒಂದ ಸಲ ಬಿದ್ದಿತ್ರಿ. ಮಳಖೇಡ ಪೂರಾ ಹೋತು. ಆಕಿ ಹೋದ ಮರುದಿನಾ, ಶುಕ್ರವಾರ."

"ಯಾಕ ಬಿತ್ತು?"

"ಕರೆಂಟ್ ಹೋಗಿತ್ತಂತ ಶರಣಕುಮಾರ ಸರ್ ಅಂದ್ರು. ಬಾಗಿಲ ಹಿಂದಿನ ಚಾವಿ ಬುಕ್ಕಿನಾಗೂ ಬರದಾರ."

"ನಿಮ್ಮ ತಲೀ ಮ್ಯಾಲಿನ ಟ್ಯೂಬ್‌ಲೈಟ್ ಆರಿತ್ತೇನು?"

ವಿಠ್ಠಲ ಮೇಲೆ ನೋಡಿದ. ನನ್ನ ಕಡೆ ನೋಡಿದ. "ಉರಿಯಾಕತ್ತಿತ್ರಿ, ನನಗ ನೆನಪದ. ನಾ ಅನ್ಕೊಂಡೆ, ಕರೆಂಟಿಗೂ ಸೇಡಂದವರಂದ್ರ ಸಿಟ್ಟು ಅಂತ."

ಪದ್ಮಾಬಾಯಿ ನಗಲಿಲ್ಲ. ಮಶೀನುಗಳೆಲ್ಲ ಯುಪಿಎಸ್ ಮೇಲಿವೆಯೇ ಎಂದು ನನ್ನನ್ನು ಕೇಳಿದರು. ಇವೆ ಅಂದೆ. ಹಾಗಾದರೆ ಕರೆಂಟು ಹೋದರೂ ಮಶೀನು ಬೀಳಬಾರದಲ್ಲ ಅಂದರು. ಯುಪಿಎಸ್ ಹಳೆಯದು ಅಂದೆ. ಹ್ಞೂಂ ಅಂದು ಅದನ್ನೂ ಬರೆದುಕೊಂಡರು.

ಮಧ್ಯಾಹ್ನ ವಾಡಿಗೆ ಹೊರಟರು. ನಾನೂ ಹೋಗಬೇಕಾಯಿತು.

ಜೈತುನ್‌ಬೀಯ ಮನೆ ರೈಲ್ವೆ ಗೇಟಿನ ಆಚೆಯ ಓಣಿಯಲ್ಲಿ. ಬಾಗಿಲಲ್ಲಿ ನನ್ನನ್ನು ಕಂಡು ಒಂದು ಗಳಿಗೆ ನಿಂತಳು. ಆಮೇಲೆ "ಬರ್ರಿ, ಕುಂದ್ರಿ" ಅಂದಳು, ಇಬ್ಬರಿಗೂ. ಒಳಗೆ ಅವಳ ಮಗಳು ಪುಸ್ತಕ ಹಿಡಿದು ಕೂತಿದ್ದಳು. ನನ್ನನ್ನು ನೋಡಿ ಎದ್ದು ಒಳಕೋಣೆಗೆ ಹೋದಳು. ನನ್ನ ದೊಡ್ಡ ಮಗಳ ವಯಸ್ಸೇ. ಚಹಾ ಬಂತು. ಕಪ್ಪು ಹಿಡಿದುಕೊಂಡು ಕೂತೆ, ಕುಡಿಯಲಾಗಲಿಲ್ಲ.

ಪದ್ಮಾಬಾಯಿ ಲಗ್ನಪತ್ರಿಕೆಯ ಸುದ್ದಿ ಎತ್ತಲಿಲ್ಲ. ಪೆನ್‌ಡ್ರೈವಿನ ಸುದ್ದಿಯನ್ನೂ ಎತ್ತಲಿಲ್ಲ.

"ಮುಂಜಾನೆ ಬಂದ ಕೂಡ್ಲೆ ನೀವು ಏನೇನ ಮಾಡ್ತಿದ್ರಿ? ಒಂದೂ ಬಿಡದಂಗ ಹೇಳ್ರಿ."

ಜೈತುನ್‌ಬೀ ಹೇಳುತ್ತ ಹೋದಳು. ಏಳು ನಲವತ್ತಕ್ಕೆ ಪ್ಯಾಸೆಂಜರ್ ಇಳಿಯುವುದು. ಅಂಗಡಿಯಿಂದ ಚಾವಿ ತಂದು, ಬಾಗಿಲ ಹಿಂದಿನ ಬುಕ್ಕಿಗೆ ಸಹಿ ಹಾಕಿ, ಬೀಗ ತೆಗೆಯುವುದು. ಕಸ ಹೊಡೆಯುವುದು ಅವಳ ಕೆಲಸವಲ್ಲ, ಆದರೂ ಹೊಡೆಯುವುದು. ಮಡಿಕೆಗೆ ನೀರು ತುಂಬುವುದು. ಸರ್ವರ್ ಚಾಲೂ ಮಾಡುವುದು.

"ಆಮ್ಯಾಲ?"

"ಆಮ್ಯಾಲ ಯಾದಿ ಬಿಸಿ ಮಾಡ್ತಿದ್ದೆ."

"ಅಂದ್ರ?"

"ಮುಂಜಾನೆ ಮೊದಲನೇ ಸಲ ಹೆಸರು ಹುಡುಕಿದ್ರ ಭಾಳ ತಡಾ ಆಗ್ತದ್ರಿ, ಹತ್ತ ಹನ್ನೆರಡ ಮಿನಿಟ. ಒಮ್ಮೆ ಬಂತಂದ್ರ ಆಮ್ಯಾಲ ಎಲ್ಲಾರಿಗೂ ಲಗೂನೆ ಸಿಗ್ತದ. ಅವರು ಬಸ್ಸಿನಾಗ ಸಾಕಾಗಿ ಬಂದಿರ್ತಾರ, ಮತ್ತ ಕುಂತು ಕಾಯೋದ್ಯಾಕ? ಅದಕ್ಕ ನಾನೇ ಮೂರೂ ತಾಲ್ಲೂಕಿನ ಹಳ್ಳಿಗೋಳು ಒಂದೊಂದ ಹುಡುಕಿ ಇಡ್ತಿದ್ದೆ. ಮೊದಲ ಬಂದವರು ಮಾಡಬೇಕಲ್ರಿ."

"ದಿನಾ?"

"ದಿನಾ. ಹೊಸ ಯಾದಿ ಬಂದಾಗಿಂದ."

ಪದ್ಮಾಬಾಯಿ ಬರೆಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು. "ಇದನ್ನ ಯಾರಿಗಾದ್ರೂ ಹೇಳಿದ್ರೇನು?"

"ಹೇಳೂದೇನದರಿ ಅದರಾಗ? ನೀರು ತುಂಬಿದ್ದೂ ಹೇಳಿಲ್ಲ."

ತಿರುಗಿ ಬರುವಾಗ ರೈಲಿನಲ್ಲಿ ಪದ್ಮಾಬಾಯಿ ಕಿಟಕಿಯ ಆಚೆ ನೋಡುತ್ತ ಕೂತಿದ್ದರು. ಆಗಲೇ ನಾನು ಬಾಯಿ ಬಿಡಬಹುದಿತ್ತು. ಹನ್ನೆರಡು ನಿಮಿಷದ ಹಾದಿ. ಬಿಡಲಿಲ್ಲ.

ಮರುದಿನ ಎಲ್ಲರನ್ನೂ ಮಾಳಿಗೆಗೆ ಕರೆದರು. ಚೀಲ ಬಿಚ್ಚಿದ ದಿನ ನಿಂತಿದ್ದವರೇ ಇರಬೇಕು ಎಂದು ಹೇಳಿದ್ದರು. ಸಾವ್ಕಾರರು, ವಿಠ್ಠಲ, ಬಸವೇಶ್ವರಿ, ನಾನು. ಅದೇ ಮೇಜಿನ ಮೇಲೆ ಸರ್ವರಿನ ದಾಖಲೆಯ ಹಾಳೆಗಳು, ಪಕ್ಕದಲ್ಲಿ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದ ಚಾವಿಯ ಬುಕ್ಕು.

"ನೀವೆಲ್ಲಾ ಈ ಹಾಳಿ ನೋಡಿದ್ರಿ. ಈ ಬುಕ್ಕ ಯಾರೂ ನೋಡಲಿಲ್ಲ," ಅಂದರು ಪದ್ಮಾಬಾಯಿ. "ಕಾಳಗಿ ಹೋದ ದಿನಾ ಮೊದಲನೇ ಸಹಿ ಯಾರದು? ಜೈತುನ್‌ಬೀದು. ಭಂಕೂರ ಹೋದ ದಿನಾ? ಜೈತುನ್‌ಬೀದು. ಮಳಖೇಡ ಹೋದ ದಿನಾ ಆಕಿ ಬಂದೇ ಇಲ್ಲ. ಅವತ್ತ ಮೊದಲನೇ ಸಹಿ?"

ವಿಠ್ಠಲ ಬಗ್ಗಿ ನೋಡಿದ. "ನಂದೇ ಅದರಿ."

"ಅವತ್ತ ನಿಮ್ಮ ಖೋಲಿ ಬಿತ್ತು. ಚಿಂಚೋಳಿ ಖೋಲಿ ಎಂದೂ ಬಿದ್ದಿಲ್ಲ, ಯಾಕಂದ್ರ ಆ ಬಸ್ಸು ಎಂದೂ ಮೊದಲ ಬಂದಿಲ್ಲ. ಬೀಗ ತೆಗದವರ ಖೋಲೀನೇ ಯಾಕ ಬೀಳ್ತದ?"



ಅವರು ಒಂದು ಹಾಳೆ ಎತ್ತಿಕೊಂಡರು. ಸರ್ವರಿನ ಲೆಕ್ಕದ ರೀತಿಯನ್ನು ಬಿಡಿಸಿ ಹೇಳಿದರು. ಖೋಲಿಯೊಳಗಿನ ಮೆಮರಿ ಆ ಖೋಲಿಯದು, ಅದರಲ್ಲಿ ತಕರಾರಿಲ್ಲ. ಆದರೆ ಹಂಚಿಕೆಯ ಮೆಮರಿ ಯಾರದು? ಮೂವರದೂ. ಅದನ್ನು ಮೂರು ಪಾಲು ಮಾಡುವುದು ಈ ಸರ್ವರಿಗೆ ಬರುವುದಿಲ್ಲ. ಆ ಮೆಮರಿಯ ಒಂದೊಂದು ತುಣುಕನ್ನು ಮೊದಲು ಮುಟ್ಟಿದ್ದು ಯಾವ ಖೋಲಿಯೋ ಅದರ ಹೆಸರಿಗೆ ಬರೆದುಬಿಡುತ್ತದೆ. ಆಮೇಲೆ ಮುಟ್ಟಿದವರಿಗೆ ಪುಕ್ಕಟೆ. ಸಂಜೆ ಬಂದ್ ಮಾಡಿದರೆ ಅಳಿಸುತ್ತದೆ. ಬೆಳಿಗ್ಗೆ ಮತ್ತೆ ಮೊದಲು ಮುಟ್ಟಿದವರ ತಲೆಗೆ.

"ಐನೂರ ಹನ್ನೆರಡರಾಗ ಮುನ್ನೂರು ಎಲ್ಲಾರ ಯಾದೀದು. ಆಕಿ ಸ್ವಂತದ್ದು ಇನ್ನೂರ ಹನ್ನೆರಡು. ವಿಠ್ಠಲಂದು ಇನ್ನೂರ ಐದು. ಎಷ್ಟ ಫರಕ? ಊರು ದೊಡ್ಡದಾದ ದಿನಾ ಯಾದಿ ಹೊತ್ತವರ ಖೋಲಿ ಮಿತಿ ದಾಟಿ ಬೀಳ್ತದ. ಮನ್ಯಾಗ ಮೊದಲ ಎದ್ದಾಕಿ ಒಲಿ ಹೊತ್ತಿಸಿ ಎಲ್ಲಾರ ನೀರು ಕಾಸ್ತಾಳ. ಆಮ್ಯಾಲ ಎದ್ದು ಜಳಕಾ ಮಾಡಿದ ನೀವು, ಕಟಿಗಿ ಎಲ್ಲಾ ಈಕೀನೇ ಉರಿಸಿದಳು ಅಂತ ಚೀಲಾ ತಪಾಸ ಮಾಡಿದ್ರಿ."

ಬಸವೇಶ್ವರಿ ನೆಲ ನೋಡುತ್ತಿದ್ದಳು. ಸಾವ್ಕಾರರು ಕೆಮ್ಮಿ, ಹಾಗಾದರೆ ಇದು ಮಶೀನಿನ ತಪ್ಪು, ಯಾರದೂ ತಪ್ಪಲ್ಲ ಎಂದರು. ಅವಳಿಗೆ ಹೇಳಿ ಕಳಿಸೋಣ, ಸೋಮವಾರದಿಂದ ಬರಲಿ, ಇಷ್ಟಕ್ಕೇ ಮುಗಿಸೋಣ.

"ಕುಂದ್ರಿ ಸಾವ್ಕಾರ. ಇನ್ನೊಂದ ಪ್ರಶ್ನಿ ಉಳದದ. ಆಕಿ ಹೋದ ಮ್ಯಾಲ ಒಂದ ದಿನಾ ಬಿಟ್ಟು ವಿಠ್ಠಲನೇ ಬೀಗ ತಗದಾನ. ಶುಕ್ರವಾರ ಒಂದ ದಿನಾ ಬಿತ್ತು. ಶನಿವಾರದಿಂದ ಬಿದ್ದಿಲ್ಲ. ಯಾಕ ಬಿದ್ದಿಲ್ಲ?"

ಪದ್ಮಾಬಾಯಿ ಸರ್ವರಿನ ಇನ್ನೊಂದು ಹಾಳೆಯನ್ನು ಮುಂದಕ್ಕೆ ಸರಿಸಿದರು.

"ಖೋಲಿಗಳ ಮಿತಿ ಬರದಿಟ್ಟ ಕಡತ ಸರ್ವರಿನಾಗ ಅದ. ಅದನ್ನ ಕಡೀಕ ತಿದ್ದಿದ್ದು ಯಾವತ್ತು ಅಂತ ಸರ್ವರೇ ಹೇಳ್ತದ — ಆ ಶನಿವಾರ, ಮುಂಜಾನೆ ಏಳೂವರಿ. ಹಂಚಿಕೆಯ ಯಾದಿಗೆ ಬ್ಯಾರೇನೇ ಒಂದು ಖೋಲಿ, ಬ್ಯಾರೇನೇ ಮಿತಿ ಮಾಡ್ಯಾರ. ಯಾದೀನ ಮೊದಲ ಆ ಖೋಲೀನೇ ಮುಟ್ತದ. ಭಾಳ ಛಲೋ ಕೆಲಸ, ನಾನಾಗಿದ್ರೂ ಹಂಗೇ ಮಾಡ್ತಿದ್ದೆ. ರೋಗ ಗೊತ್ತಿಲ್ಲದಾಂವಗ ಈ ಔಷಧ ಹೊಳಿಯಂಗಿಲ್ಲ. ಶುಕ್ರವಾರದ ಬುಕ್ಕಿನಾಗ ಕರೆಂಟ್ ಹೋತಂತ ಬರದ ಅಕ್ಷರ, ಶನಿವಾರ ಬೀಗ ತಗದ ಸಹಿ, ಅವತ್ತ ಸರ್ವರ್ ತಿದ್ದಿದ ಪಾಸ್‌ವರ್ಡ್, ಮೂರೂ ಒಬ್ಬಂದೇ."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಲ್ಲಿ ಕಳ್ಳರು ಯಾರೂ ಇಲ್ಲ, ಸಾವ್ಕಾರ. ಆಕಿ ಕಳ್ಳಿ ಅಲ್ಲಂತ ಗೊತ್ತಿದ್ದೂ ಸುಮ್ಮ ಕುಂತಾಂವ ಒಬ್ಬ ಅದಾನ. ಶರಣಕುಮಾರ, ನೀವು ಹೇಳ್ತೀರೋ, ನಾನೇ ಹೇಳಲೋ?"

ಹೇಳಿದೆ. ಆ ಶುಕ್ರವಾರ ಮಧ್ಯಾಹ್ನ ಸೇಡಂ ಖೋಲಿಯ ಅಂಕಿ ನೋಡಿದಾಗ ಅರ್ಧ ನಿಮಿಷದಲ್ಲಿ ನನಗೆ ತಿಳಿದಿತ್ತು. ಒಟ್ಟು ಅಂಕಿಯನ್ನು ಬಿಡಿಸಿ ನೋಡಿದೆ, ಯಾದಿ ವಿಠ್ಠಲನ ಹೆಸರಿನಲ್ಲಿ ಕೂತಿತ್ತು. ಹಿಂದಿನ ದಿನವೂ ಹೀಗೆ ಬಿಡಿಸಿ ನೋಡಬಹುದಿತ್ತು. ನೋಡಿರಲಿಲ್ಲ. ಹೇಳಿದರೆ ನನ್ನ ಏರ್ಪಾಡಿನಲ್ಲೇ ತಪ್ಪಿತ್ತು ಎಂದಾಗುತ್ತಿತ್ತು. ಚೀಲ ಬಿಚ್ಚಿದ ಕೈ ನನ್ನದು ಎಂದಾಗುತ್ತಿತ್ತು. ಅದಕ್ಕೆ ಶನಿವಾರ ಎಲ್ಲರಿಗಿಂತ ಮೊದಲು ಬಂದು ತಿದ್ದಿದೆ. ತಿದ್ದಿದ್ದರಿಂದಲೇ ಹಳ್ಳಿಗಳು ಹೋಗುವುದು ನಿಂತಿತು. ನಿಂತದ್ದರಿಂದಲೇ ಅವಳು ಕಳ್ಳಿಯಾದಳು. ಅದನ್ನು ಹತ್ತು ದಿನ ಕಣ್ಣಾರೆ ನೋಡುತ್ತ ಕೂತಿದ್ದೆ.

ವಿಠ್ಠಲ ನನ್ನ ಪಕ್ಕದಿಂದ ಎದ್ದು ಬಸವೇಶ್ವರಿಯ ಕಡೆಗೆ ಹೋಗಿ ನಿಂತ. ಬೈದಿದ್ದರೆ ಹಗುರಾಗುತ್ತಿತ್ತು.

ಶನಿವಾರ ಜೈತುನ್‌ಬೀಯನ್ನು ಕರೆಸಿದರು. ನನ್ನ ಹಳೆಯ ವರದಿ ರದ್ದು, ಹೊಸದನ್ನು ನನ್ನ ಕೈಯಲ್ಲೇ ಬರೆದು ಅವಳ ಮುಂದೆ ಓದಬೇಕು ಎಂದು ಪದ್ಮಾಬಾಯಿ ಹೇಳಿದ್ದರು. ರಾತ್ರಿ ಮಕ್ಕಳು ಮಲಗಿದ ಮೇಲೆ ನಾಲ್ಕು ಸಲ ಬರೆದು ಹರಿದೆ. ಐದನೆಯದನ್ನು ತಂದಿದ್ದೆ.

ಓದಿದೆ. ಹಂಚಿಕೆಯ ಮೆಮರಿಯ ಲೆಕ್ಕದಲ್ಲಿ ಆದ ದೋಷದಿಂದ ಶ್ರೀಮತಿ ಜೈತುನ್‌ಬೀಯವರ ಮೇಲೆ ತಪ್ಪು ಆರೋಪ ಬಂದಿತ್ತು, ಅವರು ನಿರ್ದೋಷಿಗಳು, ಇದಕ್ಕಾಗಿ ವಿಷಾದಿಸುತ್ತೇವೆ.

ಅವಳು ಕುರ್ಚಿಯ ತುದಿಯಲ್ಲಿ ಕೂತು ಕೇಳಿದಳು. ಚೀಲ ತೊಡೆಯ ಮೇಲಿತ್ತು.

"ಇದರಾಗ ಮಶೀನಿಂದೇ ಅದ," ಅಂದಳು. "ಲೆಕ್ಕ ತಪ್ಪಿದ್ದಕ್ಕ ನನಗೇನೂ ಸಿಟ್ಟಿಲ್ರಿ ಸರ್. ನಂದೂ ತಪ್ಪತಾವ. ನಿಮಗ ಶುಕ್ರವಾರಾನೇ ಗೊತ್ತಾಗಿತ್ತಂತ ಪದ್ಮಾಬಾಯಿಯವರು ಹೇಳಿದ್ರು. ಖರೇ ಏನು?"

"ಖರೇ."

"ಅವತ್ತ ಯಾಕ ಹೇಳಲಿಲ್ಲ?"

ನನಗೂ ಮನೆ, ಮಕ್ಕಳು ಎಂದು ಹೇಳಲು ಬಾಯಿ ತೆರೆದೆ. ಅವಳ ಮಗಳು ಎದ್ದು ಹೋದ ಆ ಒಳಕೋಣೆ ಕಣ್ಣೆದುರು ಬಂತು. "ಅಂಜಿದೆ," ಅಂದೆ. "ನನ್ನ ಹೆಸರು ಹೋಗ್ತದಂತ ಅಂಜಿದೆ. ನಿಮ್ಮ ಹೆಸರು ಹೋದ್ರೂ ನಡೀತದ ಅನ್ಕೊಂಡೆ."

"ಅದನ್ನೂ ಬರೀರಿ."

ಸಾವ್ಕಾರರು ಏನೋ ಹೇಳಹೊರಟರು. ಪದ್ಮಾಬಾಯಿ ಕೈ ಎತ್ತಿ ತಡೆದರು. ನಾನು ಅದೇ ಹಾಳೆಯ ಕೆಳಗೆ ಬರೆದೆ, ಈಗ ಬಾಯಲ್ಲಿ ಬಂದ ಮಾತನ್ನೇ. ಸಹಿ ಹಾಕಿ ಹಾಳೆಯನ್ನು ಅವಳ ಕಡೆ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ.

"ಓದ್ರಿ."

ಓದತೊಡಗಿದೆ. ಹೊಸದಾಗಿ ಬರೆದ ಸಾಲಿಗೆ ಬಂದಾಗ ದನಿ ಸಣ್ಣದಾಯಿತು. ಕೊನೆಯ ಮಾತುಗಳು ಯಾರಿಗೂ ಕೇಳಿಸಿರಲಾರದು.

ಜೈತುನ್‌ಬೀ ಕಾದಳು. ಆಮೇಲೆ, ಸಿಟ್ಟಿಲ್ಲದೆ, ಟೈಪು ತಪ್ಪಿದವರಿಗೆ ಹೇಳುವ ಹಾಗೆ ಹೇಳಿದಳು.

"ಮೊದಲಿಂದ ಓದ್ರಿ, ಸರ್."